ದುರುಗಮ್ಮನ ಬಂಗ್ಲಾ

ನಮ್ಮ ಮನೆಗೆ ಹೋಗಬೇಕಾದರೆ ನಾನು ಸತ್ತವರೊಬ್ಬರ ಹೆಸರು ಹೇಳಬೇಕು. ಮಾನ್ವಿಯ ಕಾಲೇಜಿನಲ್ಲಿ ಗಂಟಲು ಹರಿದುಕೊಂಡು ಪಾಠ ಹೇಳಿ, ಬಸ್ಸಿನಲ್ಲಿ ನಿಂತೇ ರಾಯಚೂರಿಗೆ ಬಂದು, ಆಟೋದವನಿಗೆ ‘ದುರುಗಮ್ಮನ ಮನೆ’ ಎಂದರೆ ಅವನು ನನ್ನ ಮುಖ ನೋಡುತ್ತಾನೆ. ‘ಸಾವ್ಕಾರರ ಬಂಗ್ಲಾ’ ಎಂದರೆ ಸಾಕು, ಕಣ್ಣು ಮುಚ್ಚಿಕೊಂಡು ತಂದು ಬಿಡುತ್ತಾನೆ. ಸಾವ್ಕಾರರು ತೀರಿಕೊಂಡು ಎಷ್ಟೋ ವರ್ಷವಾಯಿತು. ಮನೆ ಕೊಂಡವಳು ನಾನು, ತೆರಿಗೆ ಕಟ್ಟುವವಳು ನಾನು, ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಬಕೆಟ್ಟು ಇಡುವವಳೂ ನಾನೇ. ದುರುಗಮ್ಮ ನನ್ನ ಹೆತ್ತವ್ವ, ಮನೆಯ ಯಜಮಾನಿ. ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಕಾಲೇಜಿನಲ್ಲಿ ಒಬ್ಬರು ಸಹೋದ್ಯೋಗಿ ಇದ್ದಾರೆ. ಮನೆ ನಿಮ್ಮದೇ ಇರುವಾಗ ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ ಮೇಡಂ, ಬಿಟ್ಟುಬಿಡಿ ಎಂದು ಸಮಾಧಾನ ಹೇಳುತ್ತಾರೆ. ಅವರ ಓಣಿಯ ಬಾಯಲ್ಲೇ ಅವರ ಅಜ್ಜನ ಹೆಸರಿನ ಕಮಾನು ಇದೆ. ಹೊಟ್ಟೆ ತುಂಬಿದವರಿಗೆ ಉಪವಾಸದ ಮಹಿಮೆ ಚೆನ್ನಾಗಿ ಗೊತ್ತಿರುತ್ತದೆ.

ಈ ಬಂಗಲೆಯನ್ನು ಕಟ್ಟಿಸಿದವರು ನಿಜಾಮರ ಕಾಲದ ಒಬ್ಬ ಪೊಲೀಸ್ ಅಮೀನರು. ಊರ ಧೂಳೂ ಬೇಡ, ಊರವರ ದೂರೂ ಬೇಡ ಎಂದು ಕಲ್ಮಲದ ದಾರಿಯಲ್ಲಿ, ಹತ್ತಿ ಹೊಲಗಳ ನಡುವೆ, ಮೂರು ಕೋಣೆ, ಕಟ್ಟಿಗೆಯ ಜಾಲರಿಯ ಪಡಸಾಲೆ, ಹಿತ್ತಲಲ್ಲೊಂದು ಕಲ್ಲು ಕಟ್ಟಿದ ಬಾವಿ ಮಾಡಿಸಿಕೊಂಡರು. ಅದು ಅಮೀನಸಾಬರ ಬಂಗ್ಲಾ ಆಯಿತು. ಅವರ ಮಕ್ಕಳು ಅದನ್ನು ರೈಸ್ ಮಿಲ್ಲಿನ ಸಾವ್ಕಾರರಿಗೆ ಮಾರಿದರು. ಹೊಸ ಸುಣ್ಣ ಒಣಗುವಷ್ಟರಲ್ಲಿ ಊರು ಅಮೀನರನ್ನು ಮರೆತು ಸಾವ್ಕಾರರ ಬಂಗ್ಲಾ ಎಂದಿತು. ನಡುವೆ ಕೆಲಕಾಲ ದನದ ಡಾಕ್ಟರೊಬ್ಬರು ಬಾಡಿಗೆಗೆ ಇದ್ದರು. ಬಾಡಿಗೆಗೆ, ಗಮನಿಸಿ! ಅಷ್ಟಕ್ಕೇ ಅವರಿರುವಷ್ಟು ದಿನ ಅದು ದನದ ಡಾಕ್ಟ್ರ ಮನಿ ಆಯಿತು. ಹೋಗಲಿ, ಅವರ ನಾಯಿಗೂ ಒಂದು ಪಾಲು ಸಿಕ್ಕಿತು. ನಮ್ಮ ಮನೆಗೆ ತಿರುಗುವ ಮೂಲೆಯನ್ನು ಇವತ್ತಿಗೂ ಟಾಮಿ ಕ್ರಾಸ್ ಎನ್ನುತ್ತಾರೆ.

ಎರಡು ಹೊಳೆಗಳ ನಡುವಿನ ಈ ನೆಲಕ್ಕಾಗಿ ಎಷ್ಟು ದೊರೆಗಳು ಹೊಡೆದಾಡಿದರೋ ಲೆಕ್ಕವಿಲ್ಲ. ಕೋಟೆಯ ಮೇಲಿನ ಬಾವುಟ ಬದಲಾದ ಮರುದಿನವೇ ನಾಲಗೆಯನ್ನೂ ಬದಲಾಯಿಸಿಕೊಂಡು ಬದುಕುವುದು ನಮ್ಮ ಜನಕ್ಕೆ ಹಿರಿಯರಿಂದ ಬಂದ ವಿದ್ಯೆ. ಅಂಥ ನಾಲಗೆ ನಮ್ಮ ಗೇಟಿನ ಮುಂದೆ ಬಂದು ಮಾತ್ರ ಒಣಗಿಹೋಯಿತು. ಯಾಕೆಂದು ನನಗೂ ಗೊತ್ತು, ನಿಮಗೂ ಗೊತ್ತು. ನಾಯಿಗೆ ಜಾತಿ ಇರಲಿಲ್ಲ, ನಮಗಿತ್ತು.

ಅವ್ವ ದೇವದುರ್ಗದ ಕಡೆಯವಳು, ಗೂಗಲ್ ಎಂಬ ಊರಿನ ಹತ್ತಿರದ ಹಳ್ಳಿ. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಬಂಗಲೆಯ ಸುತ್ತಲಿನ ಹೊಲಗಳಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಮಧ್ಯಾಹ್ನ ಬಾಯಾರಿದರೆ ಹೆಂಗಸರೆಲ್ಲ ಕಂಪೌಂಡಿನ ಹೊರಗೆ ಬೊಗಸೆಯೊಡ್ಡಿ ನಿಲ್ಲಬೇಕು. ಒಳಗಿನವರಿಗೆ ಪುರುಸೊತ್ತಾದಾಗ ಯಾರಾದರೂ ಬಂದು, ಬಿಂದಿಗೆಯನ್ನು ಎತ್ತರ ಹಿಡಿದು, ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ನೀರು ಬಾಯಿಗೆ, ಅರ್ಧ ಸೀರೆಗೆ. ಅವ್ವ ಇದನ್ನು ಅಳುತ್ತಾ ಹೇಳಿದವಳಲ್ಲ, ರೊಟ್ಟಿ ಬಡಿಯುತ್ತಾ ಹೇಳಿದವಳು. ಆದರೆ ಸಾವ್ಕಾರರ ಮಕ್ಕಳು ಮನೆ ಮಾರುತ್ತಾರೆಂಬ ಸುದ್ದಿ ಬಂದಾಗ ಹಟ ಹಿಡಿದು ಕೂತಳು. ಹೊಸ ಲೇಔಟಿನಲ್ಲಿ ಚೆಂದದ ಮನೆ ನೋಡಿದ್ದೆ. ಅದರ ಕಡೆ ತಿರುಗಿಯೂ ನೋಡಲಿಲ್ಲ.

“ತಗೊಂಡ್ರ ಆ ಬಾವಿ ಇದ್ದ ಮನಿ ತಗೋ,” ಎಂದಳು. “ಇಲ್ಲಂದ್ರ ನಾ ಬಾಡಿಗಿ ಮನ್ಯಾಗ ಸಾಯ್ತೀನಿ.”

ತಗೊಂಡೆವು. ಅಷ್ಟರಲ್ಲಿ ಸುತ್ತಲಿನ ಹೊಲಗಳೆಲ್ಲ ಮನೆಗಳಾಗಿ ಓಣಿಯೇ ಎದ್ದಿತ್ತು. ಗೃಹಪ್ರವೇಶಕ್ಕೆ ಓಣಿಯವರನ್ನೆಲ್ಲ ಕರೆದೆವು. ಎಲ್ಲರೂ ಬಂದರು, ಜಾಲರಿ ಹೊಗಳಿದರು, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈಮುಗಿದರು. ಊಟಕ್ಕೆ ಏಳಿ ಎಂದಾಗ ಮಾತ್ರ ಒಬ್ಬರಿಗೆ ಸೋಮವಾರ, ಒಬ್ಬರಿಗೆ ಶುಗರ್, ಎದುರುಮನೆಯ ಶರಣಮ್ಮನವರಿಗೆ ಹೊಟ್ಟೆಯೇ ಸರಿಯಿಲ್ಲ. ಎಲ್ಲರೂ ಒಂದೊಂದು ಬಾಳೆಹಣ್ಣು ಸುಲಿದು ತಿಂದು ಹೋದರು. ನಾವು ಸಿಪ್ಪೆಯ ಒಳಗೆ ಕೈ ಹಾಕಿರಲು ಸಾಧ್ಯವಿಲ್ಲವಲ್ಲ! ಹೋಳಿಗೆಯನ್ನು ನಾವೇ ವಾರಗಟ್ಟಲೆ ತಿಂದೆವು. ಆ ಸಿಟ್ಟಿಗೇ ಗೇಟಿಗೆ ಕರಿಕಲ್ಲಿನ ಮೇಲೆ ‘ದುರುಗಮ್ಮ ನಿಲಯ’ ಎಂದು ಗೇಣುದ್ದದ ಅಕ್ಷರ ಕೆತ್ತಿಸಿ ಹಾಕಿದೆ. ಕೊರಿಯರಿನವನು ಆ ಕಲ್ಲಿಗೇ ಕೈಯೂರಿ ನಿಂತು, ಸಾವ್ಕಾರರ ಬಂಗ್ಲಾ ಇದೇನ್ರೀ ಎಂದು ಕೇಳಿದ.

ಈ ಸಲದ ಬೇಸಿಗೆಯಲ್ಲಿ ಓಣಿಯ ಬೋರುಗಳೆಲ್ಲ ಕೈಕೊಟ್ಟವು. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ಕೂತ ಊರಿನ ನಲ್ಲಿಯಲ್ಲಿ ಗಾಳಿ. ಇದಕ್ಕೆ ಬೇರೆಯೇ ಸಿಟ್ಟು ಬೇಕು, ಅದನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟಿದ್ದೇನೆ. ನಮ್ಮ ಬಾವಿ ಮಾತ್ರ ಬತ್ತಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಗೇಟಿನ ಮುಂದೆ ಕೊಡಗಳು. ಬಾಳೆಹಣ್ಣಿಗಾದರೆ ಸಿಪ್ಪೆ ಇತ್ತು, ನೀರಿಗೆ ಸಿಪ್ಪೆ ಎಲ್ಲಿಂದ ತರುತ್ತಾರೆ? ಗೇಟಿಗೆ ಕೀಲಿ ಜಡಿಯುತ್ತೇನೆ ಎಂದು ಕುಣಿದಾಡಿದೆ. ನೀರಿಗೆ ಕೀಲಿ ಹಾಕಬಾರದು ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು. ಜನ ಬಂದರು, ಸೇದಿಕೊಂಡರು, ಕುಡಿದರು. ಯಾರಿಗೂ ಸೋಮವಾರ ಅಡ್ಡ ಬರಲಿಲ್ಲ.

ಇನ್ನಾದರೂ ಹೆಸರು ಬದಲಾದೀತು ಎಂದುಕೊಂಡೆ. ಬದಲಾಯಿತು! ಶರಣಮ್ಮನವರು ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದರು, ‘ಬಾವಿ ಮನಿ ಎದುರಿಗಿ ಬರ್ರಿ’ ಎಂದು. ಅಮೀನ, ಸಾವ್ಕಾರ, ಡಾಕ್ಟರು, ನಾಯಿ, ಈಗ ಕಲ್ಲಿನ ಬಾವಿ. ಒಟ್ಟಿನಲ್ಲಿ ದುರುಗಮ್ಮ ಒಬ್ಬಳು ಬಿಟ್ಟು. ನನ್ನ ಮೈ ಉರಿದುಹೋಯಿತು. ಹೋಗಿ ಅವ್ವನಿಗೆ ಹೇಳಿದೆ. ಅವಳು ಎಲೆ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡಳು, ಅಷ್ಟೇ.

ಮರುದಿನ ಬೆಳಿಗ್ಗೆ ಗೇಟು ಹಾಕಿತ್ತು. ಒಳಗೆ ಕುರ್ಚಿ ಹಾಕಿಕೊಂಡು ಅವ್ವ ಕೂತಿದ್ದಳು, ತೊಡೆಯ ಮೇಲೆ ಬಾವಿಯ ಹಗ್ಗ. ಕೊಡ ಹಿಡಿದು ಮೊದಲು ಬಂದವರು ಶರಣಮ್ಮನವರೇ. ಅವರ ಹಿಂದೆ ಓಣಿಯ ಉಳಿದ ಹೆಂಗಸರು.

“ಗೇಟ್ ತಗೀರಿ, ನೀರಿಗಿ ಬಂದೀವಿ,” ಎಂದರು.

“ಯಾರ ಮನಿ ನೀರಿಗಿ ಬಂದೀರವ್ವಾ?” ಎಂದು ಅವ್ವ ಕೇಳಿದಳು.

ಶರಣಮ್ಮನವರು ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದರು. ಕರಿಕಲ್ಲಿನ ಕಡೆ ನೋಡಿದರು. ಆಮೇಲೆ ತುಟಿಯಲ್ಲೇ, “ದುರುಗಮ್ಮನ ಮನಿ,” ಎಂದರು.

“ಜೋರಾಗಿ ಹೇಳ್ರೆವ್ವಾ. ನನಗ ಕಿವಿ ಮಂದ ಆಗ್ಯಾವ.”

ಎದುರುಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ನಮ್ಮ ಅಡಿಗೆಮನೆಯಿಂದಲೇ ಹೇಳುವ ಕಿವಿಗಳು ಅವು. ನಾನು ಜಾಲರಿಯ ಹಿಂದೆ ನಿಂತು ನೋಡುತ್ತಿದ್ದೆ. ಶರಣಮ್ಮನವರು ಈ ಸಲ ಟಾಮಿ ಕ್ರಾಸಿಗೆ ಕೇಳುವ ಹಾಗೆ ಹೇಳಿದರು. ಅವ್ವ ಎದ್ದು ಗೇಟು ತೆಗೆದಳು, ಹಗ್ಗವನ್ನು ಅವರ ಕೈಗೇ ಕೊಟ್ಟಳು.

“ಸೇದ್ಕೋರಿ,” ಎಂದಳು. “ಈ ಮನ್ಯಾಗ ಯಾರೂ ಮ್ಯಾಲಿಂದ ಸುರಿಯಂಗಿಲ್ಲ.”