ಕೆಂಪು ನೀರಿನ ರೋಹು

ಅಂಗಿ ಒಗೆಯುವ ಮುನ್ನ ನನ್ನಾಕೆ ಜೇಬು ತಡವಿ, ಅಂಟಿಕೊಂಡ ಮೀನಿನ ಹುರುಪೆಯನ್ನು ಉಗುರಿನಿಂದ ಕಿತ್ತು, ಮೂಗು ಮುರಿದು ಅಂಗಳಕ್ಕೆ ಎಸೆಯುತ್ತಾಳೆ. ಬೆಟಗೇರಿಯ ವ್ಯಾಪಾರಸ್ಥ ಮನೆತನದಲ್ಲಿ ಮೀನು ಮುಟ್ಟದೆ ಬೆಳೆದು, ಮೀನುಗಾರಿಕೆ ಇಲಾಖೆಯಲ್ಲಿ ಕೂದಲು ನರೆಸಿಕೊಂಡವನ ಹಣೆಬರಹವಿದು. ಆದರೆ ಗೆಳೆಯರೇ, ಆ ಹುರುಪೆಯನ್ನೊಮ್ಮೆ ಮಸೂರದ ಕೆಳಗಿಟ್ಟು ನೋಡಬೇಕು. ಚಳಿನಾಡಿನ ಮೀನಿಗೆ ಚಳಿಗಾಲಕ್ಕೊಂದು ಗೆರೆ ಬೀಳುತ್ತದೆ, ಎಣಿಸಿದರೆ ವಯಸ್ಸು ಸಿಗುತ್ತದೆ. ನಮ್ಮ ತುಂಗಭದ್ರೆಯ ಮೀನಿಗೆ ಆ ಅಚ್ಚುಕಟ್ಟಿಲ್ಲ. ಬೇಸಿಗೆಯ ಹಸಿವಿಗೊಂದು ಗೆರೆ, ತತ್ತಿಯಿಟ್ಟು ದಣಿದದ್ದಕ್ಕೊಂದು ಗೆರೆ. ಈಗೀಗ ಕನ್ನಡಿಯಲ್ಲಿ ನನ್ನ ಮುಖವೂ ಹಾಗೆಯೇ ಕಾಣುತ್ತದೆ.

ಮುಂಗಾರಿನ ಕೆಂಪು ನೀರು ಬಂದೊಡನೆ ಬಸುರಿ ಮೀನುಗಳು ಹರಿವಿಗೆ ಎದುರಾಗಿ ಏರುತ್ತವೆ. ಆಗ ಬಲೆ ಬೀಸಬೇಡಿರೆಂದು ಹೊಳೆದಂಡೆಯ ಊರೂರಲ್ಲಿ ಹೇಳುತ್ತ ಬಂದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಮುಂಡರಗಿ ಕಡೆಯ ಮೀನುಗಾರ ದುರಗಪ್ಪನೊಬ್ಬನೇ, ಅವನಜ್ಜ ಹಾಕಿಕೊಟ್ಟ ಕಟ್ಟಳೆಯಂತೆ, ನೀರು ತಿಳಿಯಾಗುವವರೆಗೆ ಬಲೆಯನ್ನು ಜಂತಿಗೆ ಕಟ್ಟಿಡುತ್ತಿದ್ದ.

ಈ ಸಲ ಹೋದಾಗ ಅವನ ಬಲೆ ಒದ್ದೆಯಾಗಿತ್ತು. ಟಬ್ಬಿನ ನೀರಿನಲ್ಲಿ ಹೊಟ್ಟೆ ಉಬ್ಬಿದ ರೋಹು ಬಾಯಿ ತೆರೆಯುತ್ತಿತ್ತು.

"ತಪ್ಪಾತ್ರಿ ಸಾಹೇಬ್ರ. ಮಗಳ ಬಯಕಿ, ತತ್ತಿ ಮೀನ ಬೇಕಂದ್ಳು. ಎರಡು ಬಸರು ನಿಲ್ಲಲಿಲ್ಲ. ಕೂಸಿನ ಮಾತು ಎತ್ತಾಕೂ ಅಂಜತಾಳ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಬಯಕೆ ತೀರದಿದ್ದರೆ ಕೂಸಿಗೆ ಕೇಡೆಂದು ನಂಬಿದ ಮನೆಯಲ್ಲಿ ಯಾವ ಕಾನೂನು ಹೇಳಲಿ? ಊರೂರಲ್ಲಿ ಹೇಳಿ ಹೇಳಿ ನಿಜಕ್ಕೂ ಸಾಕಾಗಿ ಹೋಗಿತ್ತು. ಅಷ್ಟರಲ್ಲಿ ಏಳು ತಿಂಗಳ ಬಸುರಿ ಮಗಳು ಯಲ್ಲವ್ವ ಹೊರಬಂದು ಟಬ್ಬಿನತ್ತ ಬಗ್ಗಿದಳು.

"ಇದರಾಗ ಎಷ್ಟು ತತ್ತಿ ಇರ್ತಾವ್ರಿ ಕಾಕಾ?"

"ಲಕ್ಷಗಟ್ಟಲೆ, ಯವ್ವಾ."

"ಎಲ್ಲಾ ಬದುಕ್ತಾವ?"

"ಎಲ್ಲಿ ಬಂತು. ನಾಕೋ ಐದೋ ದೊಡ್ಡವಾದ್ರ ಹೆಚ್ಚು."

ಅವಳು ಮೀನಿನ ಉಬ್ಬಿದ ಹೊಟ್ಟೆಯ ಮೇಲೆ ಬೆರಳಾಡಿಸಿದಳು. ಆಮೇಲೆ, "ಬಿಟ್ಟು ಬಾ ಅಪ್ಪಾ," ಎಂದಳು. "ಅಷ್ಟು ಹೊತ್ಕೊಂಡು ಇಲ್ಲೀಮಟಾ ಬಂದೈತಿ."

ದುರಗಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನಿನ ಮೂತಿಯನ್ನು ಹರಿವಿಗೆದುರು ಹಿಡಿದ. ಕಿವಿರು ಆಡುವವರೆಗೂ ಕೈ ಬಿಡಲಿಲ್ಲ. ಒಮ್ಮೆಲೇ ಜಾರಿ ಅದು ಕಾಣದಾಯಿತು. ಇದೇ ಹೊಳೆಗೆ ಇಲಾಖೆಯಿಂದ ಎಷ್ಟೋ ಮೀನುಮರಿಗಳನ್ನು ಬಿಟ್ಟವನು ನಾನು, ಒಂದರ ಹಿಂದೆಯೂ ಹೀಗೆ ನೋಡುತ್ತ ನಿಂತಿರಲಿಲ್ಲ. ನನ್ನ ಕಣ್ಣು ಮಂಜಾದದ್ದನ್ನು ಮುಚ್ಚಿಡುವುದೇಕೆ?

ದಂಡೆಯ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ಯಲ್ಲವ್ವ ಅಪ್ಪನನ್ನು ಕರೆದಳು.

"ಮ್ಯಾಲ ಬಾ ಅಪ್ಪಾ, ರೊಟ್ಟಿನಾರ ಕೊಡು. ನಮ್ಮಿಬ್ಬರಿಗೂ ಹಸಿವಾಗೇತಿ."