ಹಸಿರು ಗೋಲಿ

ನಮ್ಮ ಅತ್ತೆಗೆ ಲಕ್ವ ಹೊಡೆದು ಬಲಗೈ ಸುಮ್ಮನಾದಾಗ, ಕೊಪ್ಪಳದ ಡಾಕ್ಟರು ಹಿಚುಕಲು ಒಂದು ಮೆತ್ತನೆಯ ಚೆಂಡು ಕೊಟ್ಟರು. ಬೆರಳು ಆಡಿಸುತ್ತಲೇ ಇರಬೇಕು, ಬಿಟ್ಟರೆ ಕೈ ಹಾಗೇ ಬಿಗಿದುಕೊಳ್ಳುತ್ತದೆ ಎಂದರು. ಕುಷ್ಟಗಿಯ ಮನೆಗೆ ಬಂದವರೇ ಅತ್ತೆ ಚೆಂಡನ್ನು ಹಾಸಿಗೆಯ ಕೆಳಗೆ ತಳ್ಳಿದರು. "ರೊಟ್ಟಿ ಬಡಿಯೋ ಕೈ ಇದು. ಸಣ್ಣ ಹುಡುಗರಂಗ ಚೆಂಡು ಹಿಡಕೊಂಡು ಕುಂದ್ರಲೇನ?" ಬೇಡಿಕೊಂಡೆ, ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಹಟ ಅದಕ್ಕಿಂತ ಒಂದು ಕೈ ಮೇಲು.

ಯಲಬುರ್ಗಾ ಬಸ್ಸಿಗೆ ಕಾಯುವಾಗ ಆಡಲೆಂದು ನನ್ನ ಮೊಬೈಲಿನಲ್ಲಿ ಒಂದು ಗೋಲಿ ಆಟವಿತ್ತು. ಬಣ್ಣಬಣ್ಣದ ಗಾಜಿನ ಗೋಲಿಗಳು ಸಾಲಾಗಿ ಉರುಳುತ್ತ ಕುಣಿಯ ಕಡೆ ಬರುತ್ತವೆ. ನಾವು ಗೋಲಿ ಹೊಡೆದು ಒಂದೇ ಬಣ್ಣದ ಮೂರನ್ನು ಕೂಡಿಸಿದರೆ ಅವು ಒಡೆಯುತ್ತವೆ. ಸಾಲು ಕುಣಿಗೆ ಬಿದ್ದರೆ ಸೋತಂತೆ. ಒಂದು ದಿನ ಪಕ್ಕದಲ್ಲಿ ಕೂತು ನೋಡುತ್ತಿದ್ದ ಅತ್ತೆ, "ಅಯ್ಯ, ಕೆಂಪಂದು ಅಲ್ಲೈತಿ, ಕಣ್ಣ ಇಲ್ಲೇನ ನಿನಗ!" ಎಂದು ತಾವೇ ಒತ್ತಿಬಿಟ್ಟರು. ಬಲಗೈ ಬೆರಳಿನಿಂದ! ನಾನು ಮೊಬೈಲನ್ನು ಅವರ ತೊಡೆಯ ಮೇಲಿಟ್ಟೆ.

ಅಂದಿನಿಂದ ಅದೇ ಆಟ, ಪ್ರತಿ ಸಲವೂ ಸೋಲು. ನೋಡಿದರೆ, ಹಸಿರು ಗೋಲಿಯನ್ನು ಒಡೆಯುತ್ತಲೇ ಇರಲಿಲ್ಲ. ಯಾಕೆಂದು ಕೇಳಿದೆ. ಮಂಚದ ಮೇಲಿದ್ದ ಮಾವನವರ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಕೈತುಂಬ ಹಸರ ಬಳಿ ಇಟಗೊಂಡ ಮುತ್ತೈದಿ ನಾ. ಇವ್ರನ್ನ ಮುಂದ ಕುಂದ್ರಿಸಿಕೊಂಡು ಹಸರ ಗಾಜು ಒಡೀಲೇನ?" ಎಂದರು.

ಮಾವನವರ ಕಿವಿ ಚುರುಕು. "ಏ, ನಾ ಗಟ್ಟಿಮುಟ್ಟಾಗಿ ಇಲ್ಲೇ ಕುಂತೀನಿ, ಒಡಿ! ನಿನ್ನ ಕೈಯಾಗಿನ ರೊಟ್ಟಿ ತಿನ್ನೂತನಾ ನಾ ಎಲ್ಲೂ ಹೋಗಂಗಿಲ್ಲ." ಅತ್ತೆ ನಕ್ಕರೋ ಅತ್ತರೋ ತಿಳಿಯಲಿಲ್ಲ. ಕಣ್ಣು ಮುಚ್ಚಿ ಹಸಿರಿಗೆ ಹೊಡೆದರು.

ಆ ಆಟವನ್ನು ಸುಮ್ಮನೆ ಹೊಗಳಲಾರೆ. ಗೆದ್ದಾಗೊಮ್ಮೆ ಸೋಪಿನ ಜಾಹೀರಾತು ಬಂದು ಅಡ್ಡ ನಿಲ್ಲುತ್ತದೆ. "ನಡುವ ಬಂದು ಸಬಕಾರ ಮಾರ್ತಾನ, ಹಾಳಾದಾಂವ!" ಎಂದು ಅತ್ತೆ ಬೈಯುತ್ತಿದ್ದರು. ಮುಂದೆ ಹೋದಂತೆ ಬೇಕಾದ ಬಣ್ಣವನ್ನೇ ಕೊಡದೆ ಸತಾಯಿಸುತ್ತದೆ. ಎಷ್ಟು ಗೆದ್ದರೂ ಮುಗಿಯುವುದಿಲ್ಲ. ಅದರ ಗುಂಗಿನಲ್ಲಿ ನಾನು ಅನ್ನದ ತಳ ಹಿಡಿಸಿದ್ದೂ ಉಂಟು. ಅತ್ತೆಯ ಕೈಯಲ್ಲೂ ಅದು ಎಬ್ಬಿಸಿದ್ದು ಒಂದು ಬೆರಳನ್ನಷ್ಟೆ, ಅಂಗೈ ಬಿಚ್ಚಲಿಲ್ಲ. ಆದರೆ ಆ ಒಂದು ಬೆರಳು ಎದ್ದದ್ದು ಕಂಡು ಅವರಿಗೆ ಆಸೆ ಹುಟ್ಟಿತು. "ಆ ಚೆಂಡು ಎಲ್ಲೈತಿ, ಕೊಡು" ಎಂದು ತಾವೇ ಕೇಳಿದರು. ಇದಕ್ಕಾಗಿ ಆ ಆಟಕ್ಕೆ ನಾನು ಕೈ ಮುಗಿಯುತ್ತೇನೆ.

ಎಷ್ಟೋ ತಿಂಗಳ ಮೇಲೆ, ಒಂದು ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಓಡಿದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚು ಸೀಳಿದ ರೊಟ್ಟಿ. ಅದನ್ನೇ ಅತ್ತೆ ಮಾವನವರ ತಾಟಿಗೆ ಹಾಕಿದರು. ಅವರು ತುತ್ತು ಮುರಿದು ಬಾಯಿಗಿಟ್ಟುಕೊಳ್ಳುವ ಹೊತ್ತಿಗೆ ಅತ್ತೆಯ ಮುಖ ಸಣ್ಣಗಾಯಿತು.

"ನನ್ನ ಕೈಯಾಗಿನ ರೊಟ್ಟಿ ತಿಂದೆನಲ್ಲ ಅಂತ ಎದ್ದು ಹೋಗಬ್ಯಾಡ್ರಿ ಮತ್ತ."

ಮಾವನವರು ತಾಟು ಮುಂದೆ ಚಾಚಿದರು. "ಇನ್ನೊಂದು ಬಡಿ."