ರೊಟ್ಟಿ ಆರಾಕತ್ತಾವ

ನಾನು ಬಾಯಿ ಬಿಟ್ಟರೆ ಸಾಕು, ಬೆಂಗಳೂರಿನವರಿಗೆ ನಗು. ಧಾರವಾಡದ ಕಡೆಯಿಂದ ಬಂದು ಕಗ್ಗದಾಸಪುರದಲ್ಲಿ ಮನೆ ಮಾಡಿ, ಇಂದಿರಾನಗರದ ಆಫೀಸಿನಲ್ಲಿ ದುಡಿಯುವ ನನ್ನನ್ನು ಬಡಾವಣೆಯ ನಾಟಕ ತಂಡಕ್ಕೆ ಸೇರಿಸಿಕೊಂಡದ್ದೇ ಈ ನಗುವಿಗಾಗಿ. ಪ್ರತಿ ರಾಜ್ಯೋತ್ಸವಕ್ಕೂ ಒಂದು ನಾಟಕ, ಪ್ರತಿ ನಾಟಕದಲ್ಲೂ ನನಗೆ ಜಗಳಗಂಟಿ ಹೆಂಡತಿಯ ಪಾತ್ರ. ಗಂಡ ಬೀದಿಯಲ್ಲಿ ಹರಟುತ್ತಿರುತ್ತಾನೆ, ನಾನು ಸೆರಗು ಸಿಕ್ಕಿಸಿ ಕೂಗಬೇಕು: "ಉಣ್ಣಾಕ ಬರ್ರೀ, ರೊಟ್ಟಿ ಆರಾಕತ್ತಾವ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಯಾರಾದರೂ "ಒನ್ಸ್ ಮೋರ್" ಎಂದರೆ ನಾಟಕ ನಿಲ್ಲಿಸಿ ಅದೇ ಮಾತನ್ನು ಮತ್ತೆ ಹೇಳುವುದು ನಮ್ಮ ತಂಡದ ಪದ್ಧತಿ.

ನಮ್ಮ ರಸ್ತೆಯ ತಿರುವಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಹೂ ಮಾರುತ್ತಾರೆ. ಕಗ್ಗದಾಸಪುರ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವವರು, ರಸೆಲ್ ಮಾರುಕಟ್ಟೆಯಿಂದ ಹೂ ತಂದು ಕಟ್ಟುತ್ತಾರೆ. ನಾನು ಆಫೀಸಿನಿಂದ ಬರುವುದು ಕಂಡರೆ ಸಾಕು, "ರೊಟ್ಟಿ ಆರಾಕತ್ತಾವ" ಎಂದು ಅಣಕಿಸಿ ತಾವೂ ನಕ್ಕು ಗಿರಾಕಿಗಳನ್ನೂ ನಗಿಸುತ್ತಿದ್ದರು. ಮೊದಮೊದಲು ನನಗೂ ಹಿಗ್ಗು. ಬರಬರುತ್ತಾ ರೇಗತೊಡಗಿತು. ಅದು ನಮ್ಮವ್ವನ ಮಾತು. ಅವಳು ಜಗಳವಾಡಿದ್ದೂ ಅದರಲ್ಲೇ, ನನ್ನ ತಮ್ಮ ಸತ್ತಾಗ ಹಾಡಾಡಿಕೊಂಡು ಅತ್ತದ್ದೂ ಅದರಲ್ಲೇ.

ಹೋದ ವರ್ಷ ನಮ್ಮ ನಿರ್ದೇಶಕರು ದುರಂತ ನಾಟಕ ಬರೆದರು. ಹಲಸೂರಿನವರು, ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡಿ ನಿವೃತ್ತರಾದವರು. ಅವರ ನಾಟಕದಲ್ಲಿ ಬಡ ತಾಯಿಯೊಬ್ಬಳ ಮಗ ಕೆರೆಯಲ್ಲಿ ಮುಳುಗಿ ಸತ್ತಿದ್ದಾನೆ, ತಾಯಿ ಅದನ್ನು ಒಪ್ಪದೆ ಅವನನ್ನು ಊಟಕ್ಕೆ ಕರೆಯುತ್ತಲೇ ಇದ್ದಾಳೆ. ಆ ತಾಯಿಯ ಪಾತ್ರ ನನಗೇ ಬೇಕೆಂದು ಹಟ ಹಿಡಿದೆ.

"ಮೇಡಂ, ದೊಡ್ಡೋರು ಬಿದ್ರೆ ದುರಂತ, ನಮ್ಮಂಥೋರು ಜಾರಿದ್ರೆ ಹಾಸ್ಯ ಅಂತ ಪಾಠ ಮಾಡ್ದೋನು ನಾನು. ಇಲ್ಲಿ ಬಡ ತಾಯಿನ ತಂದಿರೋದೇ ಹೆಚ್ಚು. ಅದರ ಮೇಲೆ ನಿಮ್ಮ ಭಾಷೆ ಕೇಳಿದ್ರೆ ಜನ ನಕ್ಬಿಡ್ತಾರೆ."

"ಯಾಕ್ರೀ ಸರ, ನಮ್ಮ ಕಡೆ ಯಾರೂ ಸಾಯಂಗಿಲ್ಲೇನು?"

ಅವರು ತಲೆ ಕೆರೆದುಕೊಂಡರು. "ಪಾತ್ರ ತಗೊಳ್ಳಿ, ಮಾತು ಮಾತ್ರ ಬೆಂಗಳೂರಿಂದು" ಎಂದರು. ತಾಲೀಮಿನಲ್ಲಿ "ಊಟಕ್ಕೆ ಬಾರಪ್ಪ" ಎಂದು ಕರೆದು ನೋಡಿದೆ. ಪಕ್ಕದ ಮನೆಯವರ ಮಗನನ್ನು ಕರೆದ ಹಾಗಿತ್ತು. ಅವರಿಗೂ ಹಾಗೇ ಅನ್ನಿಸಿರಬೇಕು. "ನಿಮ್ಮ ಥರಾನೇ ಹೇಳಿ. ನಕ್ರೆ ನನ್ನನ್ನ ಬಯ್ಬೇಡಿ" ಎಂದು ಬಿಟ್ಟುಕೊಟ್ಟರು.

ನಾಟಕದ ಸಂಜೆ ರೊಟ್ಟಿಯ ತಟ್ಟೆ ಇಟ್ಟು, ರಂಗದ ಬಾಗಿಲ ಕಡೆ ತಿರುಗಿದೆ. "ಉಣ್ಣಾಕ ಬಾರೋ, ರೊಟ್ಟಿ ಆರಾಕತ್ತಾವ."

ಗೊಳ್ಳೆಂದರು. ಹಿಂದಿನ ಸಾಲಿನಿಂದ "ಒನ್ಸ್ ಮೋರ್!" ಎಂದೂ ಬಂತು. ಮೈಯೆಲ್ಲ ಉರಿಯಿತು. ಪದ್ಧತಿ ಬಿಡುವಂತಿಲ್ಲ, ಮತ್ತೆ ಹೇಳಿದೆ. ಆದರೆ ಅವರ ಕಡೆ ತಿರುಗಲಿಲ್ಲ, ಬಾಗಿಲನ್ನೇ ನೋಡುತ್ತಾ ಕರೆದೆ. ಹಾಸ್ಯವಾಗಿದ್ದರೆ ಇಷ್ಟು ಹೊತ್ತಿಗೆ ಗಂಡ ಎಡವಿಕೊಂಡು ಒಳಗೆ ಬರಬೇಕಿತ್ತು, ಜನ ಅದಕ್ಕೇ ಕಾಯುತ್ತಿದ್ದರು. ಯಾರೂ ಬರಲಿಲ್ಲ. ದನಿ ತಗ್ಗಿಸಿ ಇನ್ನೊಮ್ಮೆ ಕರೆದೆ. ನಗು ಅಲ್ಲಲ್ಲೇ ನಿಂತಿತು. ರೊಟ್ಟಿಯ ಮೇಲೆ ಬಟ್ಟೆ ಮುಚ್ಚುವ ಹೊತ್ತಿಗೆ ಸಭೆಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಕರೆದವರು ಬಂದರೆ ಹಾಸ್ಯ, ಬಾರದಿದ್ದರೆ ದುರಂತ. ನನಗೆ ಗೊತ್ತಾದದ್ದು ಇಷ್ಟೇ. ಮಾತು ಅದೇ, ರೊಟ್ಟಿಯೂ ಅದೇ. ನಮ್ಮವ್ವನ ಮಾತಿಗೆ ಬೆಂಗಳೂರು ಸುಮ್ಮನೆ ಕೂತಿತಲ್ಲ, ಅಂಥ ಹೆಮ್ಮೆ ನನಗೆ ಅದುವರೆಗೆ ಯಾವ ಚಪ್ಪಾಳೆಯಿಂದಲೂ ಆಗಿರಲಿಲ್ಲ. ಪರದೆ ಬಿದ್ದಾಗ ನಿರ್ದೇಶಕರು ಕನ್ನಡಕ ಒರೆಸುತ್ತಾ, "ಸುಮ್ನಾಗ್ಬಿಟ್ರು, ನೋಡಿದ್ರಾ?" ಎಂದು ಮತ್ತೆ ಮತ್ತೆ ಕೇಳಿದರು.

ಮರುದಿನ ಸಂಜೆ ಆಫೀಸಿನಿಂದ ಬರುತ್ತಿದ್ದೆ. ಮುಂದಿನ ಸಾಲಿನಲ್ಲೇ ಕೂತು ನಾಟಕ ನೋಡಿದ್ದ ಹೂವಿನವರು ಈ ಸಲ ಅಣಕಿಸಲಿಲ್ಲ. ನನಗಿರುವುದು ಮಗಳೊಬ್ಬಳೇ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಮಲ್ಲಿಗೆ ಅಳೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು:

"ಆ ಹುಡ್ಗ ಆಮೇಲಾದ್ರೂ ಬಂದ್ನೇನಮ್ಮಾ?"

ಬರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಬಂದಾನ್ರೀ. ಉಂಡು ಮಲಗ್ಯಾನ."

"ಸದ್ಯ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. ಆ ನಗುವಿಗೆ ನನಗೆ ರೇಗಲಿಲ್ಲ.